ಸಂಕ ಆಯಿತಾ

ಮನೆಯಲ್ಲಿ ಮಾಪಿಳ್ಳೆ ಮಾತು, ಕಾಗದಕ್ಕೆ ಮಾತ್ರ ಕನ್ನಡ.
ಮೊಗ್ರಾಲಿನ ಶಾಲೆಯಲ್ಲಿ ಅಣ್ಣ ತಂಗಿ
ಒಂದೇ ಸ್ಲೇಟು ಒರೆಸಿ ಒರೆಸಿ ಕಲಿತದ್ದು ಅದನ್ನೇ.
ಅಮ್ಮನ ಕಣ್ಣಿಗೆ ಪೊರೆ ಬಂದ ಮೇಲೆ
ಬರೆಯುವ ಕೈ ನನ್ನದಾಯಿತು.
ಅವಳು ಹೇಳುವಳು, ನಾನು ಬರೆಯುವೆ:
"ಅಂದುಂಞಿಚ್ಚ, ಇಲ್ಲಿ ಎಲ್ಲರೂ ಕ್ಷೇಮ.
ಸಂಕ ಆಯಿತಾ?"

ಹನ್ನೆರಡಕ್ಕೇ ಹೊರಟವನು ಅವನು,
ಚಿಕ್ಕಪ್ಪನ ಮಸಾಲೆ ಅಂಗಡಿಗೆ, ಮಲಯಕ್ಕೆ.
ಹಡಗು ಹತ್ತಿ ದೇಶ ಬದಲಿಸಿದ.
ಮರುವರ್ಷ ಇವಳು
ಚಾಪೆಯಿಂದ ಏಳದೆಯೇ ರಾಜ್ಯ ಬದಲಿಸಿದಳು.
ಮಲಗಿದ್ದು ಸೌತ್ ಕೆನರಾದಲ್ಲಿ,
ಎದ್ದು ಹಲ್ಲುಜ್ಜಿದ್ದು ಕೇರಳದಲ್ಲಿ.

ಅವನ ಕ್ಷೇತ್ರದ ಹೆಸರು ಕುವಾಲ ಎಂದು ಶುರು.
ಕುವಾಲ ಎಂದರೆ ಅಳಿವೆಯಂತೆ.
"ಹಾಗಾದರೆ ನಮ್ಮದೇ ಊರು" ಎಂದಳು ಅಮ್ಮ.
ಹೊಳೆ ಸಮುದ್ರಕ್ಕೆ ಬೀಳುವಲ್ಲಿ ಇತ್ತಕಡೆ ಬೆಸ್ತರು,
ಅತ್ತಕಡೆ ಆಸ್ಪತ್ರೆ, ನಡುವೆ ಒಂದು ದೋಣಿ.
ಮೊದಲ ಚುನಾವಣೆಯಲ್ಲಿ ಅವನು ಹೇಳಿದ್ದು ಇಷ್ಟೇ:
ಇಲ್ಲೊಂದು ಸಂಕ.

ಗೆದ್ದ. ಶಿಲಾನ್ಯಾಸದ ಫೋಟೋ ಬಂತು.
ಮತ್ತೆ ಗೆದ್ದ. ಮತ್ತೊಂದು ಶಿಲಾನ್ಯಾಸ,
ಕಲ್ಲು ಮಾತ್ರ ಅದೇ, ಮೂಲೆ ಮುಕ್ಕಾದದ್ದು.
ಮೂರನೆಯ ಸಲ ಹೆಸರಿನ ಮುಂದೆ ದಾತೋ ಸೇರಿತು,
ತಲೆಗೆ ಕಪ್ಪು ವೆಲ್ವೆಟ್ ಟೊಪ್ಪಿ, ಕೈಯಲ್ಲಿ ಅದೇ ಕರಣೆ.
ಪಕ್ಷ ಬಿಟ್ಟ, ಪಕ್ಷ ಕಟ್ಟಿದ,
ಕಟ್ಟಿದ್ದನ್ನು ಬಿಟ್ಟದ್ದಕ್ಕೇ ಸೇರಿಸಿದ.
ಮೊಗ್ರಾಲ್ ಮೈದಾನದಲ್ಲಿ ಲೆಫ್ಟ್ ಔಟ್ ಆಡಿದವನು;
ಚೆಂಡು ಬರುವ ಕಡೆಗೆ ಓಡುವುದು ಗೊತ್ತಿತ್ತು.

ನನಗೊಂದು ವೀಸಾ ಕೇಳಿ ಬರೆದೆ ಒಮ್ಮೆ,
ಅಮ್ಮನ ಕಾಗದದ ಅಡಿಯಲ್ಲಿ, ಅವಳಿಗೆ ಓದಿ ಹೇಳದೆ.
ಉತ್ತರ ಬಂದದ್ದು ಅವಳಿಗೆ:
"ಹುಡುಗ ಕನ್ನಡ ಚೆನ್ನಾಗಿ ಬರೆಯುತ್ತಾನೆ."
ಅಷ್ಟೇ.

ಬಂದಿದ್ದ ಒಂದು ಸಲ.
ಸ್ಟೇಷನ್ನಿನಿಂದ ಮಸೀದಿಯವರೆಗೆ ಬ್ಯಾನರು, ಮಲಯಾಳದಲ್ಲಿ.
ತನ್ನ ಹೆಸರು ಯಾವುದೆಂದು ನನ್ನನ್ನೇ ಕೇಳಿದ.
ಭಾಷಣ ಮುಗಿಸಿ ಶಾಲೆಯ ಬಾವಿಕಟ್ಟೆಗೆ ಹೋಗಿ
ಪಾಚಿ ಹಿಡಿದ ಹಳೆಯ ಕಲ್ಲಿನ ಮೇಲೆ ಬೆರಳಿಟ್ಟು ಓದಿದ,
"ಈ... ಬಾವಿ... ಯನ್ನು... ಕಟ್ಟಿ... ಸಿದವರು..."
ಜೊತೆಗಿದ್ದ ಸೆಕ್ರೆಟರಿ ಹುಡುಗಿ
ದುಆ ಎಂದುಕೊಂಡು ಅಂಗೈ ಒಡ್ಡಿ ನಿಂತಳು,
ಕೊನೆಗೆ ಆಮೀನ್ ಎಂದಳು.
ಏಳು ಸಲ ಮಲಯ್ ಭಾಷೆಯಲ್ಲಿ ಪ್ರಮಾಣ ಮಾಡಿದವನು
ವೋಟೆಣಿಕೆಯ ರಾತ್ರಿ ಬಾಯೊಳಗೆ ಎಣಿಸುವುದು
ಒಂದು, ಎರಡು, ಮೂರು ಎಂದೇ.
ಆ ದಿನ ಹೇಳಿದ, ಬಿರಿಯಾನಿಗೆ ಕೂತಾಗ, ಗುಟ್ಟಿನಲ್ಲಿ.

ಆಮೇಲೆ ಪೇಪರಿನಲ್ಲಿ ಒಂದು ತನಿಖೆಯ ಸುದ್ದಿ.
ಕಾಡು, ಗುತ್ತಿಗೆ, ಭಾವಮೈದನ ಕಂಪನಿ.
ನಾನು ಆ ಭಾಗ ಹಾರಿಸಿ ಓದಿದೆ.
ಅಮ್ಮನಿಗೆ ಬೇರೆ ಯಾರೋ ಹೇಳಿರಬೇಕು.
ವೀಳ್ಯಕ್ಕೆ ಸುಣ್ಣ ಸವರುತ್ತಾ ಹೇಳಿದಳು:
"ಮರ ಕಡಿದದ್ದು ಸಂಕಕ್ಕೇ ಇರಬಹುದು."
ಅವಳು ನಂಬಿದ್ದಳೋ, ನನ್ನನ್ನು ಪರೀಕ್ಷಿಸಿದ್ದೋ,
ಇವತ್ತಿಗೂ ಗೊತ್ತಿಲ್ಲ.

ಎಂಟನೆಯ ಸಲ ಸೋತ. ಇನ್ನೂರ ಹದಿಮೂರು ವೋಟು.
ಸಂಕ ಕಟ್ಟಿಸಿದ್ದು ಅವನನ್ನು ಸೋಲಿಸಿದ ಹುಡುಗ,
ದಂತವೈದ್ಯನಂತೆ. ಉದ್ಘಾಟನೆಗೆ ಇವನಿಗೆ ಕರೆಯಿಲ್ಲ.
ಮರುದಿನ ಸುಬಹಿ ನಮಾಜಿನ ಹಿಂದೆಯೇ ಹೋಗಿದ್ದಾನೆ,
ಊರುಗೋಲು ಹಿಡಿದು, ಒಬ್ಬನೇ.
ಅಲ್ಲಿಂದಲೇ ವೀಡಿಯೋ ಕಾಲ್.

ಅಮ್ಮನಿಗೆ ಕಾಣುವುದಿಲ್ಲ, ಫೋನು ಕಿವಿಗೇ ಹಿಡಿದಿದ್ದಳು.
ಪರದೆಯಲ್ಲಿ ಅವಳ ಕೆನ್ನೆಗೆ ಅಂಟಿದ ಒಂದು ಹೊಳೆ,
ಗಾಳಿಯ ಸದ್ದು, ಬೈಕೊಂದು ದಾಟಿದ್ದು.
"ಕೇಳು ಕುಂಞಾಮಿ, ಕಂಬ ಎಣಿಸ್ತೇನೆ" ಎಂದ.
ಕಂಬ ಕಂಬಕ್ಕೂ ನಿಂತು ಸುಧಾರಿಸಿಕೊಂಡು,
ಒಂದು.
ಎರಡು.
ಏಳು ಎಂದವನಿಗೆ ಉಸಿರು ಹತ್ತಲಿಲ್ಲ.
ತುಂಬಾ ಹೊತ್ತು ಬರೀ ಗಾಳಿ.

ಅಮ್ಮ ಈಚೆಯಿಂದ ಮೆಲ್ಲಗೆ,
ತಪ್ಪು ಮಾಡಿದ ಹುಡುಗನಿಗೆ ಸ್ಲೇಟಿನ ಮರೆಯಲ್ಲಿ ಹೇಳಿಕೊಟ್ಟ ಹಾಗೆ,
"ಎಂಟು" ಎಂದಳು.